ಹಣಕಾಸು ಓದಿದವನ ಮನೆಯ ಲೆಕ್ಕ

ನಮ್ಮ ಸಂಘದ ಶನಿವಾರದ ಕೂಟಕ್ಕೆ ನಾನು ಬರಲು ತೊಡಗಿ ಎರಡು ವರ್ಷವಾಯಿತು. ಮೊದಲ ದಿನ ಪರಿಚಯ ಮಾಡಿಕೊಳ್ಳುವಾಗ "ಬಿ.ಕಾಂ., ಅಕೌಂಟಿಂಗ್ ಅಂಡ್ ಫೈನಾನ್ಸ್" ಎಂದೆ. ಒಂದು ಕ್ಷಣ ಮೌನ. ಆಮೇಲೆ ಯಾರೋ "ಸರಿ, ಹಾಗಾದ್ರೆ ಖಜಾಂಚಿ ಸಿಕ್ಕಿದ ಹಾಗಾಯ್ತು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತಿನಿಂದ ಸಂಘದ ಚಂದಾ ಪುಸ್ತಕ ನನ್ನ ಚೀಲದಲ್ಲೇ ಇದೆ. ಆದರೆ ನಾನು ಓದುವುದು ಏನು ಎಂದು ಯಾರೂ ಕೇಳಲಿಲ್ಲ. ಕತೆ ಕವಿತೆಯವರು ಕೇಳದಿದ್ದುದು ತಪ್ಪೇನಲ್ಲ. ಈ ಪ್ರಶ್ನೆಯನ್ನು ನನಗೆ ಸರಿಯಾಗಿ ಕೇಳಿದವರು ನಮ್ಮ ಅಪ್ಪಯ್ಯ. ಅವರಿಗೆ ಉತ್ತರ ಕೊಡಲು ಹೋಗಿ ಆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹನ್ನೆರಡನೆಯ ತರಗತಿ ಮುಗಿಸಿ ಏನು ಓದುವುದೆಂದು ಯೋಚಿಸುತ್ತಿರುವ ತಮ್ಮ ತಂಗಿಯರು ನಿಮಗಿದ್ದರೆ ಅವರಿಗೂ ಇದರಿಂದ ಉಪಯೋಗವಾದೀತು.

ಅಪ್ಪಯ್ಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತುಕೊಳ್ಳುತ್ತಾರೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಟೇಬಲ್ಲು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವರು. ಹಗಲು ಹೋಟೆಲು, ರಾತ್ರಿ ಶಾಲೆ: ಮುಂಬೈಗೆ ಬಂದ ದಕ್ಷಿಣ ಕನ್ನಡದ ಎರಡು ಮೂರು ತಲೆಮಾರಿನ ಕತೆಯೇ ಇದು. ಅವರಲ್ಲಿ ಮುಂದೆ ಓದಲು ಸಾಧ್ಯವಾದವರು ಹೆಚ್ಚಾಗಿ ಹಿಡಿದದ್ದು ಕಾಮರ್ಸಿನ ದಾರಿ. ಅದಕ್ಕೆ ಕಾರಣವೂ ಇತ್ತು. ಈ ಊರಿನ ಅನೇಕ ಕಾಮರ್ಸ್ ಕಾಲೇಜುಗಳಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಪಾಠ ಶುರುವಾಗಿ ಹನ್ನೊಂದರ ಹೊತ್ತಿಗೆ ಮುಗಿಯುತ್ತದೆ. ಮಿಕ್ಕ ಹೊತ್ತು ದುಡಿಯಬಹುದು. ಪ್ರಯೋಗಶಾಲೆಯ ಖರ್ಚಿಲ್ಲ. ಮುಗಿಸಿದ ಮೇಲೆ ಬ್ಯಾಂಕಿನ ಬಾಗಿಲು ಉಂಟು.

ಬ್ಯಾಂಕು ಎಂದರೆ ನಮ್ಮ ಕಡೆಯವರಿಗೆ ಪರಕೀಯವೂ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನೂ ಕಟ್ಟಿದರು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಶನ್ ಮತ್ತು ವಿಜಯಾ 1980ರಲ್ಲಿ ಸರಕಾರದ ಬ್ಯಾಂಕುಗಳಾದವು. ಇಂದು ಆ ನಾಲ್ಕರಲ್ಲಿ ಹೆಸರು ಉಳಿದಿರುವುದು ಕೆನರಾದ್ದು ಮಾತ್ರ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹೆಸರು ಹೋದರೂ ಅವು ಕಲಿಸಿದ ಪಾಠ ಹೋಗಿಲ್ಲ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರುಮಾಡಿದರು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಅವರ ಏಜೆಂಟರು ಮನೆ ಬಾಗಿಲಿಗೆ ಬಂದು ಪಡೆದುಕೊಂಡು ಹೋಗುತ್ತಿದ್ದರು. ನಾನು ಮೂರು ವರ್ಷ ಇಂಗ್ಲಿಷಿನಲ್ಲಿ ಓದಿದ ಶಾಸ್ತ್ರದ ಮೊದಲ ಸೂತ್ರ ಆ ಎರಡಾಣೆಯಲ್ಲೇ ಇದೆ; ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಪದವಿಯ ವಿಚಾರ. ಮುಂಬೈ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ವಾಣಿಜ್ಯಕ್ಕೆಂದೇ ಸಿಡನ್‌ಹ್ಯಾಮ್ ಕಾಲೇಜು ಆರಂಭವಾದದ್ದು 1913ರಲ್ಲಿ. ಏಶ್ಯಾದ ಮೊದಲ ಕಾಮರ್ಸ್ ಕಾಲೇಜು ಎಂಬ ಹೆಸರು ಅದಕ್ಕುಂಟು. 1918ರಿಂದ 1920ರ ತನಕ ಅಲ್ಲಿ ಅರ್ಥಶಾಸ್ತ್ರ ಕಲಿಸಿದ ಅಧ್ಯಾಪಕರು ಡಾ. ಅಂಬೇಡ್ಕರ್ ಎಂಬುದು ಎಷ್ಟೋ ಮಂದಿಗೆ ತಿಳಿಯದು. ರೂಪಾಯಿಯ ಸಮಸ್ಯೆಯ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1923ರಲ್ಲಿ ಹೊರಬಂತು. ನಮ್ಮ ಕನ್ನಡಿಗರ ಮಾಟುಂಗದಲ್ಲಿಯೇ ಪೋದಾರ್ ಕಾಲೇಜು 1941ರಿಂದ ಇದೆ. ಬಹುಕಾಲ ಎಲ್ಲರಿಗೂ ಇದ್ದದ್ದು ಒಂದೇ ಬಿ.ಕಾಂ. ಈಗ ಅದರ ಜೊತೆಗೆ ಅಕೌಂಟಿಂಗ್ ಅಂಡ್ ಫೈನಾನ್ಸ್, ಬ್ಯಾಂಕಿಂಗ್ ಅಂಡ್ ಇನ್ಶೂರೆನ್ಸ್, ಫೈನಾನ್ಶಿಯಲ್ ಮಾರ್ಕೆಟ್ಸ್ ಎಂಬ ಕವಲುಗಳಿವೆ. ಈ ಕವಲುಗಳು ಹೆಚ್ಚಾಗಿ ಸರಕಾರದ ಅನುದಾನವಿಲ್ಲದೆ ನಡೆಯುವಂಥವು, ಆದ್ದರಿಂದ ಫೀಸು ಸಾದಾ ಬಿ.ಕಾಂ.ಗಿಂತ ಜಾಸ್ತಿ. ಆರು ಸೆಮಿಸ್ಟರು, ಮೂರು ವರ್ಷ. 2020ರ ಶಿಕ್ಷಣ ನೀತಿಯ ಪ್ರಕಾರ ಬೇಕಾದವರು ನಾಲ್ಕನೆಯ ವರ್ಷವೂ ಓದಿ ಆನರ್ಸ್ ಪಡೆಯಬಹುದು.

ಅಲ್ಲಿ ಕಲಿಸುವುದೇನು? ವಿಷಯಗಳ ಪಟ್ಟಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಹೋಟೆಲಿನ ಗಲ್ಲೆಯ ಹಿಂದೆ ನಿಂತು ನೋಡಿದರೆ ಎಲ್ಲವೂ ಗುರುತಿನವೇ.

ಒಂದು, ಲೆಕ್ಕ ಬರೆಯುವುದು. ಹಿಂದಿನ ಅಂಗಡಿಗಳಲ್ಲಿ ಕಿರ್ದಿ, ಖಾತೆ, ಜಮಾ, ಖರ್ಚು, ಶಿಲ್ಕು ಎಂಬ ಮಾತುಗಳಿದ್ದವು. ಪ್ರತಿ ವ್ಯವಹಾರಕ್ಕೂ ಎರಡು ಮುಖ: ಒಂದು ಕಡೆ ಬಂದದ್ದು ಇನ್ನೊಂದು ಕಡೆಯಿಂದ ಹೋಗಿರಲೇಬೇಕು. ಹೊಸ ಗ್ರೈಂಡರು ತಂದರೆ ಆಸ್ತಿ ಹೆಚ್ಚಿತು, ನಗದು ಕಡಿಮೆಯಾಯಿತು. ಸಾಲ ಮಾಡಿ ತಂದರೆ ಆಸ್ತಿಯೂ ಹೆಚ್ಚಿತು, ಹೊಣೆಯೂ ಹೆಚ್ಚಿತು. ವರ್ಷದ ಕೊನೆಗೆ ಎರಡೂ ಕಡೆ ಸರಿತೂಗಬೇಕು. ಗ್ರೈಂಡರು ವರ್ಷ ವರ್ಷ ಸವೆಯುತ್ತದಲ್ಲ, ಆ ಸವಕಳಿಯನ್ನೂ ಖರ್ಚಿಗೆ ಹಾಕಬೇಕು.

ಎರಡು, ತಯಾರಿಕೆಯ ವೆಚ್ಚ. ಒಂದು ಮಸಾಲೆ ದೋಸೆ 80 ರೂಪಾಯಿ ಎನ್ನಿ. ಅಕ್ಕಿ, ಉದ್ದು, ಬಟಾಟೆ, ಎಣ್ಣೆ, ಗ್ಯಾಸು ಸೇರಿ 30 ರೂಪಾಯಿ. ಉಳಿದ 50 ಲಾಭವೇ? ಅಲ್ಲ. ದೋಸೆ ಹೋಗಲಿ ಬಿಡಲಿ, ಬಾಡಿಗೆ, ಸಂಬಳ, ದೀಪದ ಬಿಲ್ಲು ಇದ್ದೇ ಇದೆ. ಅದು ದಿನಕ್ಕೆ 6,000 ಎಂದಿಟ್ಟುಕೊಳ್ಳಿ. 6,000ವನ್ನು 50ರಿಂದ ಭಾಗಿಸಿದರೆ 120. ಅಂದರೆ ನೂರ ಇಪ್ಪತ್ತನೆಯ ದೋಸೆಯ ತನಕ ಧಣಿಗೆ ಒಂದು ಪೈಸೆ ಇಲ್ಲ; ಲಾಭ ಶುರುವಾಗುವುದು ನೂರ ಇಪ್ಪತ್ತೊಂದನೆಯದರಿಂದ. ಇದಕ್ಕೆ ನಮ್ಮಲ್ಲಿ ಬ್ರೇಕ್ ಈವನ್ ಎಂಬ ಹೆಸರು, ಗ್ರಾಫು, ಹತ್ತು ಮಾರ್ಕಿನ ಪ್ರಶ್ನೆ. ಅಪ್ಪಯ್ಯ ಇದನ್ನೇ ಬೆಳಗ್ಗಿನ ಹತ್ತೂವರೆಗೆ ಗಲ್ಲೆಯಿಂದ ತಲೆಯೆತ್ತಿ "ಬಾಡ್ಗೆ ಹೊರಟ್ತ್" ಎನ್ನುತ್ತಾರೆ. ಅಷ್ಟೇ.

ಮೂರು, ಕಾನೂನು ಮತ್ತು ತೆರಿಗೆ. 1872ರ ಕರಾರು ಕಾಯಿದೆ, ಚೆಕ್ಕು ಪ್ರಾಮಿಸರಿ ನೋಟುಗಳ 1881ರ ಕಾಯಿದೆ, 1932ರ ಪಾಲುದಾರಿಕೆ ಕಾಯಿದೆ, 2013ರ ಕಂಪೆನಿ ಕಾಯಿದೆ, ಆದಾಯ ತೆರಿಗೆ, 2017ರಲ್ಲಿ ಬಂದ ಜಿ.ಎಸ್.ಟಿ. ಇವು ಬಾಯಿಪಾಠದವು. ಆದರೂ ಒಂದು ಸಹಿ ಮನುಷ್ಯನನ್ನು ಎಷ್ಟು ದೂರ ಎಳೆದುಕೊಂಡು ಹೋಗಬಲ್ಲುದು ಎಂಬುದು ಇಲ್ಲಿ ತಿಳಿಯುತ್ತದೆ.

ನಾಲ್ಕು, ಪೇಟೆ. ಮುಂಬೈಯಲ್ಲಿ ಓದುವುದರ ವಿಶೇಷವಿರುವುದು ಇಲ್ಲಿ. ದಲಾಲ್ ಸ್ಟ್ರೀಟಿನ ಶೇರುಪೇಟೆ 1875ರದ್ದು. ರಿಸರ್ವ್ ಬ್ಯಾಂಕು 1935ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ 1937ರಲ್ಲಿ ತನ್ನ ಕೇಂದ್ರ ಕಚೇರಿಯನ್ನು ಇಲ್ಲಿಗೆ ತಂದಿತು. ಪೇಪರಿನಲ್ಲಿ ದಿನಾ ಕಾಣುವ ಸೆನ್ಸೆಕ್ಸ್ 1986ರಲ್ಲಿ ಬಂದದ್ದು. 1978-79ರ ಬೆಲೆಯನ್ನು 100 ಎಂದಿಟ್ಟುಕೊಂಡು ಆಯ್ದ 30 ಕಂಪೆನಿಗಳ ಶೇರುಗಳ ಏರಿಳಿತವನ್ನು ಅಳೆಯುತ್ತದೆ. ಅದು ಏರಿದರೆ ದೇಶಕ್ಕೆಲ್ಲ ಸುಭಿಕ್ಷ ಎಂದು ತಿಳಿಯಬಾರದು. ಆ 30 ಕಂಪೆನಿಗಳಿಗೆ ಇಂದು ಜನ ಎಷ್ಟು ಬೆಲೆ ಕಟ್ಟುತ್ತಿದ್ದಾರೆ ಎಂಬುದಷ್ಟೇ ಅದರ ಅರ್ಥ. 1992ರಲ್ಲಿ ಹರ್ಷದ್ ಮೆಹ್ತಾ ಪ್ರಕರಣ ಹೊರಬಿದ್ದಾಗ ಪೇಟೆ ಕುಸಿದು ಎಷ್ಟೋ ಸಂಸಾರಗಳ ಉಳಿತಾಯ ಹೋಯಿತು. ಪೇಟೆಯ ಕಾವಲಿಗಿರುವ ಸೆಬಿಗೆ ಕಾನೂನಿನ ಅಧಿಕಾರ ಬಂದದ್ದೂ ಅದೇ ವರ್ಷ. ನನ್ನ ಲೋಕಲ್ ಭಾಂಡೂಪಿನಿಂದ ಹೊರಟು ಸಿ.ಎಸ್.ಟಿ.ಗೆ ಬರುತ್ತದೆ; ಅಲ್ಲಿಂದ ನಡೆದರೆ ಇವೆಲ್ಲ ಕಾಲಳತೆಯ ದೂರ. ಮೊದಲ ವರ್ಷ ಆ ಬೀದಿಗಳಲ್ಲಿ ನಡೆಯುವಾಗ, ಸುಳ್ಳು ಹೇಳುವುದಿಲ್ಲ, ಎದೆ ಉಬ್ಬುತ್ತಿತ್ತು.

ಐದನೆಯದು, ಇಡೀ ಪದವಿಯ ಬೆನ್ನೆಲುಬು: ಹಣ ಮತ್ತು ಕಾಲದ ಸಂಬಂಧ. ಇಂದಿನ ನೂರು ರೂಪಾಯಿ ಮತ್ತು ಮುಂದಿನ ವರ್ಷದ ನೂರು ರೂಪಾಯಿ ಒಂದೇ ಅಲ್ಲ. ಬ್ಯಾಂಕು ವರ್ಷಕ್ಕೆ ನೂರಕ್ಕೆ 7ರಂತೆ ಬಡ್ಡಿ ಕೊಡುವುದಾದರೆ ಇಂದಿನ 100 ಮುಂದಿನ ವರ್ಷ 107 ಆಗುತ್ತದೆ. ಇದನ್ನು ತಿರುವಿ ಹಾಕಿ ನೋಡಿ: ಮುಂದಿನ ವರ್ಷ ಬರಲಿರುವ 100 ರೂಪಾಯಿಯ ಇಂದಿನ ಬೆಲೆ 93 ರೂಪಾಯಿ ಚಿಲ್ಲರೆ ಮಾತ್ರ. ಇದಕ್ಕೆ ಪ್ರೆಸೆಂಟ್ ವ್ಯಾಲ್ಯೂ ಎನ್ನುತ್ತಾರೆ. ನಾನು ಇಂದಿನ ಬೆಲೆ ಎನ್ನುತ್ತೇನೆ. ಕಂಪೆನಿ ಹೊಸ ಯಂತ್ರ ಕೊಳ್ಳಬೇಕೇ, ಸಾಲಪತ್ರಕ್ಕೆ ಎಷ್ಟು ಕೊಡಬಹುದು, ಜೀವವಿಮೆ ಲಾಭವೋ ನಷ್ಟವೋ, ಎಲ್ಲವೂ ಇದೊಂದು ಸೂತ್ರದ ಮೇಲೆ ನಿಂತಿವೆ. ಪಿಗ್ಮಿಯ ಎರಡಾಣೆಯೂ ಇದೇ. ಇಂದು ಕೈಯಲ್ಲಿ ಕರಗಿಹೋಗುವ ಚಿಲ್ಲರೆಯನ್ನು ಕಾಲದ ಕೈಗೆ ಕೊಟ್ಟರೆ ಅದು ಗಂಟಾಗಿ ವಾಪಸು ಬರುತ್ತದೆ. ಸಾಲದಲ್ಲಿ ಇದೇ ಕಾಲ ಎದುರು ಪಕ್ಷಕ್ಕೆ ದುಡಿಯುತ್ತದೆ.

ಇಷ್ಟನ್ನು ನಾನು ಎರಡನೆಯ ವರ್ಷ ಚೆನ್ನಾಗಿಯೇ ಕಲಿತೆ. ಸಾಲದ ಕಂತಿನ ಲೆಕ್ಕ ಪರೀಕ್ಷೆಗೆ ಬಂದಿತ್ತು. ಮಿಸ್ಟರ್ ಎ ಎಂಬವನು ಇಷ್ಟು ಬಡ್ಡಿಗೆ ಇಷ್ಟು ಸಾಲ ತೆಗೆದಿದ್ದಾನೆ, ಕಂತು ಎಷ್ಟು? ಒಂದು ಹೆಜ್ಜೆಯೂ ತಪ್ಪದೆ ಮಾಡಿದೆ. ಪೂರ್ಣ ಅಂಕ ಬಂತು.

ಇನ್ನು ಅಪ್ಪಯ್ಯನ ಪ್ರಶ್ನೆಗೆ ಬರೋಣ.

ಐದನೆಯ ಸೆಮಿಸ್ಟರಿನ ಫಲಿತಾಂಶ ಬಂದ ರಾತ್ರಿ ಅವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಎಂತ ಮಾರಾಯ, ಮೂರ್ ವರ್ಷ ಆತ್ ಬಂತ್. ಎಂತ ಕಲ್ತೆ ಅಂದ್ ಕನ್ನಡ್ದಗೆ ಹೇಳ್ ಕಾಂಬ."

ನಾನು ಬಾಯಿ ತೆರೆದೆ. ಒಂದು ವಾಕ್ಯವೂ ಬರಲಿಲ್ಲ. ಡಿಸ್ಕೌಂಟಿಂಗ್, ಕಾಸ್ಟ್ ಆಫ್ ಕ್ಯಾಪಿಟಲ್, ಲಿಕ್ವಿಡಿಟಿ: ನಾಲಗೆಗೆ ಬಂದದ್ದೆಲ್ಲ ಅವರಿಗೆ ತಿಳಿಯದ ಮಾತು. ಕೊನೆಗೆ "ಸಾಲ ತೆಗೆದ್ರೆ ನಿಜವಾಗಿ ಎಷ್ಟು ಬೀಳ್ತದೆ ಅಂತ ಲೆಕ್ಕ ಹಾಕುದು" ಎಂದೆ.

"ಹಾಂಗಾರೆ ನಮ್ ಸಾಲದ್ ಲೆಕ್ಕ ಹಾಕ್" ಎಂದರು.

ಯಾವ ಸಾಲ? ನನಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ನಾನು ಕಾಲೇಜು ಸೇರಿದ ವರ್ಷ ಫೀಸು ಕಟ್ಟಬೇಕಿತ್ತು. ಅದೇ ಹೊತ್ತಿಗೆ ಖೋಲಿಯ ಡಿಪಾಸಿಟ್ಟು ಹೆಚ್ಚು ಮಾಡಿದ್ದರು. ಅಪ್ಪಯ್ಯ ಪರಿಚಯದವರೊಬ್ಬರಿಂದ 60,000 ರೂಪಾಯಿ ಕೈಸಾಲ ತಂದಿದ್ದರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಹೆಚ್ಚೆಂದು ಅವರಿಗೆ ಅನ್ನಿಸಿರಲಿಲ್ಲ. ಮೂರು ರೂಪಾಯಿ ತಾನೇ? ತಿಂಗಳಿಗೆ 1,800. ಒಂದು ತಿಂಗಳೂ ತಪ್ಪಿಸದೆ 24 ತಿಂಗಳು ಕೊಟ್ಟಿದ್ದರು.

ಹೋಟೆಲಿನ ಹಳೆ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ. 1,800 ಗುಣಿಸು 24: 43,200. ಅಸಲು ಎಷ್ಟು ಉಳಿದಿದೆ? ಪೂರ್ತಿ 60,000. ಒಂದು ರೂಪಾಯಿಯೂ ಇಳಿದಿಲ್ಲ. ಬಡ್ಡಿ ಕಟ್ಟದೆ ಬಿಟ್ಟು, ಅದಕ್ಕೆ ಚಕ್ರಬಡ್ಡಿ ಬೆಳೆದಿದ್ದರೆ 24 ತಿಂಗಳಿಗೆ ಸಾಲ ಎರಡರಷ್ಟಾಗಿ 1,22,000ದ ಹತ್ತಿರ ಹೋಗುತ್ತಿತ್ತು.

ಆಮೇಲೆ ಪರೀಕ್ಷೆಯಲ್ಲಿ ಮಾಡಿದ ಅದೇ ಲೆಕ್ಕವನ್ನು ಕೆಳಗೆ ಬರೆದೆ. ಅಮ್ಮನ ಬಳೆ ಅಡವಿಟ್ಟೋ, ಸಹಕಾರಿ ಬ್ಯಾಂಕಿನಲ್ಲಿ ಇಬ್ಬರ ಜಾಮೀನು ಹಾಕಿಯೋ, ವರ್ಷಕ್ಕೆ ನೂರಕ್ಕೆ 12ರಂತೆ 60,000 ತೆಗೆದಿದ್ದರೆ, 24 ತಿಂಗಳ ಕಂತು ತಿಂಗಳಿಗೆ ಸುಮಾರು 2,824. ಒಟ್ಟು ಬಡ್ಡಿ 7,800ಕ್ಕಿಂತ ಕಡಿಮೆ. ಈ ತಿಂಗಳಿಗೆ ಸಾಲ ತೀರಿ ಕಾಗದ ಹರಿದುಹಾಕಬಹುದಿತ್ತು. 1,800ರ ಬದಲು ಇನ್ನೂ ಸಾವಿರ ಚಿಲ್ಲರೆ ಹೆಚ್ಚು ಹೊಂದಿಸಬೇಕಿತ್ತು, ನಿಜ. ಕಷ್ಟವಾಗುತ್ತಿತ್ತು. ಆದರೆ ಮುಗಿಯುತ್ತಿತ್ತು.

ಅಪ್ಪಯ್ಯ ಬಿಲ್ಲನ್ನು ದೀಪಕ್ಕೆ ಹಿಡಿದು ಎರಡು ಸಲ ಓದಿದರು. ಗಲ್ಲೆಯಲ್ಲಿ ಕೂತು ಕೂತು ಅಂಕಿಯ ಮೇಲೆ ಕಣ್ಣು ಓಡಿಸುವುದು ಅವರಿಗೆ ಅಭ್ಯಾಸ. ಆಮೇಲೆ ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದರು: "ಇದನ್ನ್ ಮೊದ್ಲೇ ಹೇಳುಕ್ ಆತಿರ್ಲಿಲ್ಯಾ?"

ಗೆಳೆಯರೇ, ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಪರೀಕ್ಷೆಯಲ್ಲಿ ಮಿಸ್ಟರ್ ಎ ಎಂಬವನ ಕಂತು ಬರೆಯುತ್ತಿದ್ದಾಗ ಮನೆಯಲ್ಲಿ 1,800 ಹೋಗುತ್ತಲೇ ಇತ್ತು. ನನ್ನ ಫೀಸಿಗಾಗಿ ತೆಗೆದ ಸಾಲ ಅದು. ಎರಡೂ ಒಂದೇ ಲೆಕ್ಕ ಎಂದು ನನಗೆ ಯಾಕೆ ಹೊಳೆಯಲಿಲ್ಲ? ಸಾಲದ ವಿಷಯ ಮಕ್ಕಳ ಎದುರು ಆಡಬಾರದು ಎಂಬ ನಮ್ಮ ಮನೆಯ ಮರ್ಯಾದೆ ಒಂದು ಕಾರಣ. ಇನ್ನೊಂದು ಕಾರಣ ಬೇರೆಯೇ ಎಂದು ನನಗೆ ಅನ್ನಿಸುತ್ತದೆ. ಕಾಲೇಜಿನ ಲೆಕ್ಕ ಇಂಗ್ಲಿಷಿನಲ್ಲಿತ್ತು, ವರ್ಷಕ್ಕೆ ಶೇಕಡಾ ಇಷ್ಟು ಎಂದಿತ್ತು. ಮನೆಯ ಲೆಕ್ಕ ಕನ್ನಡದಲ್ಲಿತ್ತು, ನೂರಕ್ಕೆ ಮೂರು ಎಂದಿತ್ತು. ನೂರಕ್ಕೆ ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಶೇಕಡಾ 36. ಆ ಹೆಸರಿನಲ್ಲಿ ಯಾರಾದರೂ ಹೇಳಿದ್ದರೆ ಮೊದಲ ವರ್ಷದಲ್ಲೇ ನಾನು ಬೆಚ್ಚಿಬೀಳುತ್ತಿದ್ದೆ. ಮೂರು ರೂಪಾಯಿ ಎಂದಾಗ ಅದು ಒಂದು ಪೆಪ್ಪರ್‌ಮೆಂಟಿನ ಬೆಲೆಯಂತೆ ಕೇಳಿಸಿತು.

ಇಷ್ಟಕ್ಕೆ ನಿಲ್ಲಲಿಲ್ಲ. ಅಪ್ಪಯ್ಯ ಇನ್ನೊಂದು ಲೆಕ್ಕ ಮುಂದಿಟ್ಟರು. ಹೋಟೆಲಿನವರೂ ನೆರೆಯವರೂ ಸೇರಿ 20 ಜನರ ಒಂದು ಚೀಟಿ ನಡೆಸುತ್ತಿದ್ದರು. ತಿಂಗಳಿಗೆ 5,000, ಇಪ್ಪತ್ತು ತಿಂಗಳು, ಪ್ರತಿ ತಿಂಗಳು ಒಂದು ಲಕ್ಷದ ಗಂಟು. ಮೊದಲ ತಿಂಗಳದ್ದು ಪೂರ್ತಿ ನಡೆಸುವವರಿಗೆ. ಆಮೇಲೆ ಪ್ರತಿ ತಿಂಗಳು ಹರಾಜು: ಯಾರು ಹೆಚ್ಚು ಬಿಡಲು ತಯಾರೋ ಅವರಿಗೆ ಚೀಟಿ, ಅವರು ಬಿಟ್ಟ ಹಣ ಇಪ್ಪತ್ತು ಮಂದಿಗೆ ಸಮನಾಗಿ ಹಂಚಿಕೆ. ಐದು ತಿಂಗಳು ಮುಗಿದಿತ್ತು. ಅಪ್ಪಯ್ಯನದು ಕೊನೆಯಲ್ಲಿ ಎತ್ತುವ ಯೋಚನೆ. ಕೊನೆಗೆ ಉಳಿದವನಿಗೆ ಪೂರ್ತಿ ಲಕ್ಷ. ಅದರಲ್ಲಿ ಕೈಸಾಲ ತೀರಿಸುವುದು ಎಂದಿದ್ದರು. ಈಗಲೇ ಎತ್ತಿದರೆ 80,000ದ ಆಸುಪಾಸು ಸಿಗಬಹುದು.

"ಈಗಳೇ ಎತ್ತಿರೆ ಸಾಲ ತೀರತ್ತಲ್ದಾ?" ಎಂದು ಅಮ್ಮ ಒಳಗಿಂದ ಕೇಳಿದರು.

"ಇಪ್ಪತ್ತ್ ಸಾವಿರ ಕಳ್ಕಂಬುದಾ?" ಎಂದರು ಅಪ್ಪಯ್ಯ. ನಡುವೆ ಎತ್ತಿದರೆ ಇವನಿಗೇನೋ ಕಷ್ಟ ಬಂದಿದೆ ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆಯೂ ಇತ್ತು.

ಬಿಲ್ಲಿನ ಬೆನ್ನಿನಲ್ಲಿ ಇನ್ನೂ ಜಾಗವಿತ್ತು. ಎರಡು ದಾರಿಗಳನ್ನು ಅಕ್ಕಪಕ್ಕ ಬರೆದೆ. ನೀವೂ ಒಂದು ಚೀಟಿಯಲ್ಲಿ ಬರೆದು ನೋಡಿ.

ಕಾಯುವ ದಾರಿ: ಆರನೆಯ ತಿಂಗಳಿನಿಂದ ಇಪ್ಪತ್ತನೆಯದಕ್ಕೆ 14 ತಿಂಗಳು. ಅಷ್ಟು ತಿಂಗಳು 1,800ರಂತೆ ಬಡ್ಡಿ 25,200. ಕೊನೆಗೆ ಒಂದು ಲಕ್ಷ ಬಂತು. 60,000 ಅಸಲು ಕೊಟ್ಟರೆ ಉಳಿದದ್ದು 40,000. ಅದರಲ್ಲಿ ಕೊಟ್ಟ ಬಡ್ಡಿ ಕಳೆದರೆ 14,800.

ಈಗ ಎತ್ತುವ ದಾರಿ: 80,000 ಬಂತು, 60,000 ನಾಳೆಯೇ ಕೊಟ್ಟಾಯಿತು, ಬಡ್ಡಿ ನಿಂತಿತು. ಉಳಿದದ್ದು 20,000, ಅದೂ ಇವತ್ತೇ ಕೈಯಲ್ಲಿ.

ಚೀಟಿಯ ತಿಂಗಳ ಕಂತು ಎರಡೂ ದಾರಿಯಲ್ಲಿ ಹೇಗೂ ಕಟ್ಟಲೇಬೇಕು. ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಎರಡು ದಾರಿಯಲ್ಲಿ ಬದಲಾಗದೆ ಇರುವುದನ್ನು ಬಿಟ್ಟು ಬದಲಾಗುವುದನ್ನು ಮಾತ್ರ ನೋಡು ಎಂಬುದು ನಾನು ಕಲಿತ ಬೆಲೆಬಾಳುವ ಪಾಠಗಳಲ್ಲಿ ಒಂದು. 14 ತಿಂಗಳ ನಂತರದ ಒಂದು ಲಕ್ಷವನ್ನು ಬಿಟ್ಟು ಇಂದು 80,000 ತೆಗೆದುಕೊಳ್ಳುವುದೆಂದರೆ ನೂರಕ್ಕೆ ತಿಂಗಳಿಗೆ ಸುಮಾರು 1 ರೂಪಾಯಿ 60 ಪೈಸೆ ಬಡ್ಡಿಗೆ ಸಾಲ ತೆಗೆದ ಹಾಗೆ. ಅದೂ ಅಗ್ಗವಲ್ಲ. ಆದರೆ ಮೂರು ರೂಪಾಯಿಯ ಸಾಲವನ್ನು ಒಂದೂ ಅರವತ್ತರ ಸಾಲದಿಂದ ತೀರಿಸಿದರೆ ನಷ್ಟವೆಲ್ಲಿ ಬಂತು? ಅಪ್ಪಯ್ಯನ ಕಣ್ಣಿಗೆ ಹರಾಜಿನಲ್ಲಿ ಬಿಡುವ 20,000 ಒಂದೇ ಸಲಕ್ಕೆ ಕಾಣುತ್ತಿತ್ತು. ತಿಂಗಳು ತಿಂಗಳು ಸೋರುವ 25,200 ಕಾಣುತ್ತಿರಲಿಲ್ಲ. ಇದು ಅವರೊಬ್ಬರ ದೋಷವಲ್ಲ, ನಮ್ಮೆಲ್ಲರ ಕಣ್ಣೂ ಹೀಗೆಯೇ.

ಇನ್ನೂ ಒಂದು ಮಾತು ಸೇರಿಸಿದೆ. ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ಸರಕಾರದ ಮಂಜೂರಾತಿ ಬೇಕು, ನೋಂದಣಿ ಬೇಕು. ಇದು ಬರೀ ನಂಬಿಕೆಯ ಚೀಟಿ. ಅದು ನಡುವೆ ಮುರಿದರೆ ಕೊನೆಗೆ ಕಾದು ಕೂತವನೇ ಎಲ್ಲಕ್ಕಿಂತ ಹೆಚ್ಚು ಕಳೆದುಕೊಳ್ಳುವವನು. ಪೂರ್ತಿ ಲಕ್ಷದ ಆಸೆಯ ಜೊತೆಗೆ ಪೂರ್ತಿ ಅಪಾಯವೂ ಅವನ ತಲೆಯ ಮೇಲೆಯೇ. ಹೆಚ್ಚು ಲಾಭ ಎಂದು ಯಾರಾದರೂ ಹೇಳಿದರೆ ಅದರ ಹಿಂದೆ ಯಾವ ಅಪಾಯ ಅಡಗಿದೆ ಎಂದು ಕೇಳಬೇಕು. ಹಣಕಾಸಿನ ಶಾಸ್ತ್ರದ ಎರಡನೆಯ ಸೂತ್ರ ಇದು. ಮುಂದಿನ ಸಲ ಚೀಟಿ ಹಾಕುವುದಾದರೆ ನೋಂದಣಿಯಾದದ್ದಕ್ಕೇ ಹಾಕುವುದು ಎಂದು ಅಮ್ಮ ಆಗಲೇ ತೀರ್ಮಾನ ಮಾಡಿಬಿಟ್ಟರು.

ಹರಾಜಿನ ದಿನ ಅಪ್ಪಯ್ಯನಿಗೆ ಒಂದೇ ಅಂಕಿ ಹೇಳಿ ಕಳಿಸಿದೆ: 25,200. ಅಲ್ಲಿಯ ತನಕ ಬಿಟ್ಟರೂ ನಷ್ಟವಿಲ್ಲ, ಅದನ್ನು ದಾಟಬಾರದು. ಹರಾಜು 21,000ಕ್ಕೆ ನಿಂತಿತು. 79,000 ಬಂತು. ಮಾರನೆಯ ದಿನ 60,000 ಕೊಟ್ಟು, ಸಹಿ ಮಾಡಿದ ಕಾಗದ ವಾಪಸು ತಂದು, ಅದನ್ನು ಹರಿಯದೆ ದೇವರ ಪಟದ ಹಿಂದೆ ಇಟ್ಟರು. ಯಾಕೆ ಎಂದರೆ ನಗುತ್ತಾರೆ. ಲೆಕ್ಕದಲ್ಲಿ ನಮಗೆ ಉಳಿದದ್ದು ಬರೀ 4,200 ರೂಪಾಯಿ. ಆದರೆ ಒಂದನೆಯ ತಾರೀಕು ಬಂದಾಗ ಮನೆಯಲ್ಲಿ ಕವಿಯುತ್ತಿದ್ದ ಮೌನ ಹೋಯಿತು. ಅದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಖಾತೆ ಇಲ್ಲ. ಹೋದ 43,200 ಹೋಯಿತು. ಹೋದದ್ದನ್ನು ನೆನೆದು ಮುಂದಿನದನ್ನು ಕೆಡಿಸಬೇಡ ಎಂದೂ ನಮ್ಮ ಶಾಸ್ತ್ರ ಹೇಳುತ್ತದೆ. ಆ ಪಾಠ ಮಾತ್ರ ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಇಷ್ಟು ಹೇಳಿದ ಮೇಲೆ ಈ ಪದವಿ ಓದಬಯಸುವವರಿಗೆ ನಾಲ್ಕು ಮಾತು. ಗಣಿತಕ್ಕೆ ಹೆದರಬೇಡಿ, ಬೇಕಾದದ್ದು ಶೇಕಡಾ, ಬೀಜಗಣಿತ, ಸ್ವಲ್ಪ ಸಂಖ್ಯಾಶಾಸ್ತ್ರ, ಮತ್ತು ಬಹಳ ತಾಳ್ಮೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷ್ ಗಂಟಲು ಹಿಡಿಯುತ್ತದೆ; ಲೆಕ್ಕ ಬರುತ್ತಿರುತ್ತದೆ, ಪ್ರಶ್ನೆ ಅರ್ಥವಾಗಿರುವುದಿಲ್ಲ. ಒಂದು ನೋಟುಬುಕ್ಕಿನಲ್ಲಿ ಪ್ರತಿ ಪದಕ್ಕೂ ನಿಮ್ಮ ಮನೆಯ ಮಾತನ್ನು ಬರೆದಿಟ್ಟುಕೊಳ್ಳಿ. ಪದವಿಯೊಂದೇ ಅನ್ನ ಹಾಕುತ್ತದೆ ಎಂದು ತಿಳಿಯಬೇಡಿ. ನಮ್ಮ ತರಗತಿಯ ಹಲವರು ಇದರ ಜೊತೆಗೆ ಸಿ.ಎ. ಓದುತ್ತಿದ್ದಾರೆ, ಕೆಲವರು ಬ್ಯಾಂಕ್ ಪರೀಕ್ಷೆಗೆ ಕೂರುತ್ತಾರೆ, ಕೆಲವರು ಎಂ.ಬಿ.ಎ. ಎನ್ನುತ್ತಾರೆ. ಫೀಸು ಹೊಂದಿಸುವ ಮೊದಲು ಅನುದಾನದ ಸಾದಾ ಬಿ.ಕಾಂ. ಸಾಕೇ ಎಂದು ಯೋಚಿಸಿ. ಸಾಲ ತೆಗೆಯಲೇಬೇಕಾದರೆ ಬಡ್ಡಿಯನ್ನು ವರ್ಷದ ಶೇಕಡಾ ಲೆಕ್ಕಕ್ಕೆ ತಿರುಗಿಸಿ ನೋಡಿದ ಮೇಲೆಯೇ ಸಹಿ ಮಾಡಿ.

ಕೊನೆಯ ಮಾತು ನಮ್ಮ ಸಂಘಕ್ಕೆ. ಮುಂಬೈಯ ಕಂಪೆನಿಯ ಒಳಜಗತ್ತನ್ನು ಯಶವಂತ ಚಿತ್ತಾಲರು 'ಶಿಕಾರಿ'ಯಲ್ಲಿ ಕನ್ನಡಕ್ಕೆ ತಂದು ಎಷ್ಟು ಕಾಲವಾಯಿತು! ಕಾದಂಬರಿ ಬಂದದ್ದು 1979ರಲ್ಲಿ. ಕಂಪೆನಿಯಲ್ಲಿ ದುಡಿಯುವವನ ಭಯ ಕನ್ನಡದಲ್ಲಿದೆ. ಅವನ ಸಾಲದ ಕಾಗದವನ್ನು ಓದಿ ಹೇಳುವ ಕನ್ನಡ ಇನ್ನೂ ಸಾಲದು. ಅಸಲು, ಬಡ್ಡಿ, ಅಡವು, ಶಿಲ್ಕು, ಸವಕಳಿ, ಹೊಣೆ: ಪದಗಳು ನಮ್ಮಲ್ಲಿ ಇವೆ, ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಅವುಗಳನ್ನು ಹುಡುಕಿ ಕೂಡಿಸುವ ಕೆಲಸ ನಿಮ್ಮಂಥ ಸಾಹಿತ್ಯದವರದು, ಲೆಕ್ಕ ತಪ್ಪದಂತೆ ನೋಡುವುದು ನನ್ನದು.

ಅದಕ್ಕೆ ಒಂದು ಸೂಚನೆ. ಮುಂದಿನ ತಿಂಗಳಿನಿಂದ ಕೂಟ ಮುಗಿದ ಮೇಲೆ ಅರ್ಧ ಗಂಟೆ ನಾನು ಕೂತಿರುತ್ತೇನೆ. ನಿಮ್ಮ ಮನೆಯ ಸಾಲದ ಕಾಗದ, ಚೀಟಿಯ ಪುಸ್ತಕ, ವಿಮೆಯ ಪಾಲಿಸಿ ಏನಿದ್ದರೂ ತನ್ನಿ. ಹೆಸರು ಮಡಚಿಟ್ಟು ಅಂಕಿ ಮಾತ್ರ ತೋರಿಸಿದರೂ ಸಾಕು. ಇಬ್ಬರೂ ಸೇರಿ ಕನ್ನಡದಲ್ಲಿ ಲೆಕ್ಕ ಬರೆಯೋಣ. ಆ ಹಾಳೆಯನ್ನು ನೀವು ಮನೆಗೆ ಒಯ್ದು ಓದಿ ಹೇಳಬೇಕು. ಹಳೆಯ ಬಿಲ್ಲುಗಳನ್ನು ಅಪ್ಪಯ್ಯ ಹೋಟೆಲಿನಿಂದ ಕಟ್ಟು ಕಟ್ಟಾಗಿ ತಂದು ಇಟ್ಟಿದ್ದಾರೆ. ಕಾಗದಕ್ಕೆ ಬರವಿಲ್ಲ.